ಸ್ಕಾಲ್ಟೀನ್: ಐರ್ಲೆಂಡಿನ ಬಿಸಿ ಹಾಲು-ವಿಸ್ಕಿಯನ್ನು ಹಾಲು ಒಡೆಯದಂತೆ ಮಾಡುವುದು ಹೇಗೆ?

ಕಾರ್ಕ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನ ಕಾರ್ಕ್ ಕೌಂಟಿಯ ಉತ್ತರ ಭಾಗದಲ್ಲಿ, ಮ್ಯಾಲೋ ಪಟ್ಟಣಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷಗಳಿಂದ ನೆಲೆಸಿದ್ದೇನೆ. ಇಲ್ಲಿನ ಹಳೆಯ ಮನೆಗಳಲ್ಲಿ ಚಳಿಗಾಲದ ರಾತ್ರಿ ಮಾಡಿ ಕುಡಿಯುವ ಸ್ಕಾಲ್ಟೀನ್ ಎಂಬ ಪಾನೀಯದ ಬಗ್ಗೆ ಬಲ್ಲವರಿಂದ ಕೇಳಿ ತಿಳಿದುಕೊಳ್ಳಬೇಕಾಗಿದೆ. ಬಿಸಿ ಹಾಲು, ವಿಸ್ಕಿ, ಬೆಣ್ಣೆ, ಜೇನುತುಪ್ಪ ಮತ್ತು ಚಿಟಿಕೆಯಷ್ಟು ಮಸಾಲೆ, ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಆದರೂ ನಾನು ಮೂರು ಸಲ ಮಾಡಿ ಮೂರು ಸಲವೂ ಕೆಡಿಸಿದ್ದೇನೆ.

ಇದನ್ನು ನಾನು ಮೊದಲು ಕಂಡದ್ದು ಕಳೆದ ಫೆಬ್ರವರಿಯಲ್ಲಿ. ಇಲ್ಲಿ ಹಸುಗಳು ಕರು ಹಾಕುವ ಕಾಲ ಅದು. ಪಕ್ಕದ ಹೈನುಗಾರರ ಮನೆಯಲ್ಲಿ ಒಂದು ಹಸು ಕರು ಹಾಕಲಾರದೆ ಕಷ್ಟಪಡುತ್ತಿದೆ ಎಂದು ರಾತ್ರಿ ಹನ್ನೊಂದಕ್ಕೆ ನನ್ನನ್ನು ಕರೆದರು. ಎರಡು ಗಂಟೆಗೆ ಕರು ಎದ್ದು ನಿಂತ ಮೇಲೆ, ಮೈಯೆಲ್ಲ ಒದ್ದೆಯಾಗಿ ಅಡುಗೆಮನೆಗೆ ಬಂದೆವು. ಆ ಮನೆಯ ಅಜ್ಜಿ ದಪ್ಪ ತಳದ ಸಣ್ಣ ಪಾತ್ರೆಯಲ್ಲಿ ಹಾಲಿಟ್ಟು, ಅದಕ್ಕೆ ಎರಡು ಲವಂಗ, ಚಕ್ಕೆಪುಡಿ ಮತ್ತು ಡಬ್ಬಿಯಿಂದ ತೆಗೆದ ಶುಂಠಿಪುಡಿಯನ್ನು ಹಾಕಿದರು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಟ್ಟತೊಡಗಿದಾಗ, ಇನ್ನೂ ಉಕ್ಕುವ ಮೊದಲೇ, ಪಾತ್ರೆಯನ್ನು ಒಲೆಯಿಂದ ಇಳಿಸಿ ಮರದ ಹಲಗೆಯ ಮೇಲಿಟ್ಟರು. ಜೇನುತುಪ್ಪ ಬೆರೆಸಿ, ಅಡಿಕೆ ಗಾತ್ರದ ಬೆಣ್ಣೆಯುಂಡೆಯನ್ನು ಹಾಕಿ, ಎಡಗೈಯಲ್ಲಿ ವಿಸ್ಕಿಯನ್ನು ನೂಲಿನಂತೆ ಸುರಿಯುತ್ತಾ ಬಲಗೈಯಲ್ಲಿ ತಂತಿಯ ಕಡೆಗೋಲಿನಿಂದ ಬಿಡದೆ ಕಡೆದರು. ಲೋಟಕ್ಕೆ ಬಗ್ಗಿಸಿದಾಗ ಮೇಲೆ ಎರಡು ಬೆರಳಷ್ಟು ನೊರೆ ನಿಂತಿತ್ತು. ಅದರ ಮೇಲೆ ಜಾಯಿಕಾಯಿಯನ್ನು ನಾಲ್ಕು ಸಲ ತುರಿದು ನನ್ನ ಕೈಗೆ ಕೊಟ್ಟರು. ನೊರೆಯ ಕೆಳಗೆ ಹಾಲು ರೇಷ್ಮೆಯಂತಿತ್ತು. ವಿಸ್ಕಿಯ ಘಾಟು ಗಂಟಲನ್ನು ತಾಗಲೇ ಇಲ್ಲ.

ನನ್ನ ಅಡುಗೆಮನೆಯಲ್ಲಿ ನಡೆದದ್ದೇ ಬೇರೆ. ಪುಡಿಗಿಂತ ಹಸಿಶುಂಠಿಯೇ ಒಳ್ಳೆಯದೆಂದು ಭಾವಿಸಿ, ಜಜ್ಜಿ ಬಿಸಿ ಹಾಲಿಗೆ ಹಾಕಿದೆ. ವಿಸ್ಕಿ ಸುರಿಯುತ್ತಿದ್ದಂತೆಯೇ ಹಾಲು ಒಡೆದು ಗಿಣ್ಣಿನಂತೆ ಹರಳುಗಟ್ಟಿತು. ಎರಡನೆಯ ಸಲ ವಿಸ್ಕಿಯನ್ನು ಅರ್ಧಕ್ಕೆ ಇಳಿಸಿದರೂ ಹಾಗೆಯೇ ಆಯಿತು. ಮೂರನೆಯ ಸಲ ಶುಂಠಿಯನ್ನು ಬಿಟ್ಟು ಮಾಡಿದಾಗ ಹಾಲು ಒಡೆಯಲಿಲ್ಲವಾದರೂ ಬೆಣ್ಣೆ ಕರಗಿ ಎಣ್ಣೆಯ ಪದರದಂತೆ ಮೇಲೆ ತೇಲಿತು. ಹಾಲು, ಬೆಣ್ಣೆಗಳ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಡೇರಿ ಪ್ರಯೋಗಾಲಯ

ಕಾರ್ಕ್ ಕನ್ನಡಿಗರೇ, ಕರ್ನಾಟಕದ ಒಂದು ಹಾಲು ಒಕ್ಕೂಟದ ಡೇರಿಯಲ್ಲಿ ಹಾಲು ಪರೀಕ್ಷಿಸುವುದೇ ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ತಾವು ವಿಸ್ಕಿಯ ಮೇಲೆ ಹೊರಿಸುತ್ತಿರುವ ಆರೋಪ ಸರಿಯಲ್ಲವೆಂದು ನನಗೆ ತೋರುತ್ತದೆ.

ಟ್ಯಾಂಕರಿನಲ್ಲಿ ಬಂದ ಹಾಲನ್ನು ಇಳಿಸಿಕೊಳ್ಳುವ ಮೊದಲು ನಾವು ಆಲ್ಕೋಹಾಲ್ ಪರೀಕ್ಷೆ ಮಾಡುತ್ತೇವೆ. ಐದು ಮಿಲಿಲೀಟರ್ ಹಾಲಿಗೆ ಶೇಕಡ 68ರ ಆಲ್ಕೋಹಾಲನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿ, ನಳಿಗೆಯನ್ನು ಓರೆ ಮಾಡಿ ಗಾಜಿನ ಗೋಡೆಯನ್ನು ನೋಡುತ್ತೇವೆ. ಹಾಲು ಹುಳಿಯತ್ತ ತಿರುಗಿದ್ದರೆ ಗಾಜಿನ ಮೇಲೆ ಸಣ್ಣ ಸಣ್ಣ ಹರಳುಗಳು ಕಾಣಿಸುತ್ತವೆ. ತಾಜಾ ಹಾಲಾಗಿದ್ದರೆ ಗಾಜು ನುಣುಪಾಗಿಯೇ ಉಳಿಯುತ್ತದೆ. ಅಂದರೆ ಮಿಶ್ರಣದಲ್ಲಿ ಆಲ್ಕೋಹಾಲ್ ಮೂರನೆಯ ಒಂದು ಭಾಗದಷ್ಟಿದ್ದಾಗಲೂ ಒಳ್ಳೆಯ ಹಾಲು ತಡೆದುಕೊಳ್ಳುತ್ತದೆ. ತಾವು 200 ಮಿಲಿಲೀಟರ್ ಹಾಲಿಗೆ ಒಂದು ಅಳತೆ, ಅಂದರೆ 35.5 ಮಿಲಿಲೀಟರ್ ವಿಸ್ಕಿ ಹಾಕಿದರೆ ಲೋಟದಲ್ಲಿ ಆಲ್ಕೋಹಾಲಿನ ಪ್ರಮಾಣ ಶೇಕಡ ಆರರ ಆಸುಪಾಸು ಮಾತ್ರ. ಪರೀಕ್ಷೆಯನ್ನು ತಣ್ಣನೆಯ ಹಾಲಿನಲ್ಲಿ ಮಾಡುತ್ತೇವೆ, ತಮ್ಮ ಹಾಲು ಬಿಸಿಯಿರುತ್ತದೆ. ಶಾಖ ಹೆಚ್ಚಿದಷ್ಟೂ ಹಾಲಿನ ತಾಳಿಕೆ ಕಡಿಮೆಯಾಗುತ್ತದೆ. ಆ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡರೂ ಶೇಕಡ ಆರು ದೊಡ್ಡ ಪ್ರಮಾಣವಲ್ಲ.

ನಿಜವಾದ ಕಾರಣ ತಮ್ಮ ಹಸಿಶುಂಠಿ. ಹಸಿಶುಂಠಿಯ ರಸದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಹಾಲು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗ ಅದು ಬಹಳ ಚುರುಕಾಗಿ ಕೆಲಸ ಮಾಡಿ, ಹೆಪ್ಪು ಹಾಕಿದಂತೆ ಹಾಲನ್ನು ಗಟ್ಟಿಗೊಳಿಸುತ್ತದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದೇ ಗುಣವನ್ನು ಬಳಸಿಕೊಂಡು, ಶುಂಠಿರಸದ ಮೇಲೆ ಬಿಸಿ ಹಾಲು ಸುರಿದು ಒಂದು ಸಿಹಿಯನ್ನೇ ಮಾಡುತ್ತಾರೆ. ತಮಗೆ ಹಸಿಶುಂಠಿಯ ಪರಿಮಳವೇ ಬೇಕೆಂದಿದ್ದರೆ, ಅದನ್ನು ಜಜ್ಜಿ ಎರಡು ಚಮಚ ನೀರಿನಲ್ಲಿ ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಿ, ಕಿಣ್ವ ಸತ್ತ ಮೇಲೆ ಆ ನೀರನ್ನು ಸೋಸಿ ಹಾಲಿಗೆ ಸೇರಿಸಿರಿ. ಅಜ್ಜಿಯವರ ಡಬ್ಬಿಯ ಒಣಶುಂಠಿಪುಡಿಯಾದರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಬೆಲ್ಲದ ಪಾಯಸಕ್ಕೆ ಹಾಲನ್ನು ಕೊನೆಯಲ್ಲಿ, ಪಾತ್ರೆ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸುತ್ತಾರಲ್ಲ, ಅದೇ ಎಚ್ಚರಿಕೆ ಇಲ್ಲಿಯೂ ಬೇಕು. ಹುಳಿಯ ಅಂಶವಿರುವ ಯಾವುದೇ ವಸ್ತು ಕುದಿಯುವ ಹಾಲಿಗೆ ಬೀಳಬಾರದು.

ಲಿಮೆರಿಕ್ ಓದುಗ

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೆ ಸಾಂಪ್ರದಾಯಿಕ ಸ್ಕಾಲ್ಟೀನಿನಲ್ಲಿ ಹಾಲು ಇದ್ದೇ ಇರಬೇಕು ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಐರ್ಲೆಂಡಿನ ಜನ ಆಡುವ ಇಂಗ್ಲಿಷಿನ ಪದಗಳನ್ನು ಸಂಗ್ರಹಿಸಿದ ಪಿ. ಡಬ್ಲ್ಯೂ. ಜಾಯ್ಸ್ ಅವರು 1910ರಲ್ಲಿ ಈ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಹಾಲಿನ ಹೆಸರಿಲ್ಲ. ವಿಸ್ಕಿ, ನೀರು, ಸಕ್ಕರೆ, ಬೆಣ್ಣೆ ಮತ್ತು ಕಾಳುಮೆಣಸು, ಅಥವಾ ಮೆಣಸಿನ ಬದಲು ಜೀರಿಗೆಯನ್ನು ಹೋಲುವ ಕ್ಯಾರವೇ ಬೀಜ, ಇವನ್ನು ಪಾತ್ರೆಯಲ್ಲಿ ಕುದಿಸಿ ಮಾಡುವ, ನೆಗಡಿಗೆ ರಾಮಬಾಣವೆನಿಸಿದ ಪಾನೀಯ ಎಂಬುದು ಅದರ ಸಾರಾಂಶ. ಕುದುರೆಗಾಡಿಯಲ್ಲಿ ಅಂಚೆ ಸಾಗುತ್ತಿದ್ದ ಕಾಲದಲ್ಲಿ ಕಿಲ್ಲಾರ್ನಿಯಿಂದ ಮ್ಯಾಲೋಗೆ ಹೋಗುವ ದಾರಿಯ ಒಂದು ತಂಗುಮನೆ ಇದಕ್ಕೆ ಹೆಸರುವಾಸಿಯಾಗಿತ್ತಂತೆ. ಪ್ರಯಾಣಿಕರಿಗೆಂದು ದೊಡ್ಡ ಪಾತ್ರೆಯೊಂದು ಅಲ್ಲಿ ಸದಾ ಸಿದ್ಧವಾಗಿರುತ್ತಿತ್ತೆಂದು ಅವರು ದಾಖಲಿಸಿದ್ದಾರೆ. ಸುಡುವುದು, ಕುದಿಸುವುದು ಎಂಬ ಅರ್ಥದ ಐರಿಷ್ ಧಾತುವಿನಿಂದ ಈ ಹೆಸರು ಬಂದಿದೆ. ಹಾಲಿದ್ದಿದ್ದರೆ ದಿನವಿಡೀ ಒಲೆಯ ಮೇಲೆ ಉಳಿಯುತ್ತಿರಲಿಲ್ಲ. ತಳ ಹತ್ತಿ, ಕೆನೆಗಟ್ಟಿ, ಬೆಳಗಿನ ಹಾಲು ಮಧ್ಯಾಹ್ನದ ಹೊತ್ತಿಗೆ ಕೆಡುತ್ತಿತ್ತು. ಆದ್ದರಿಂದ ದಾರಿಹೋಕರಿಗೆ ನೀರಿನದು, ಹಸು ಕಟ್ಟಿದ ಮನೆಗಳಲ್ಲಿ ಹಾಲಿನದು ಎಂದು ಎರಡು ಬಗೆಗಳಾಗಿರಬಹುದೆಂಬುದು ನನ್ನ ಊಹೆ.

ಎರಡರಲ್ಲಿಯೂ ಬೆಣ್ಣೆ ಇರುವುದನ್ನು ಗಮನಿಸಿರಿ. ಆ ಸೀಮೆಯೇ ಬೆಣ್ಣೆಯ ಸೀಮೆ. ಪಕ್ಕದ ಕೆರಿ ಕೌಂಟಿಯ ರೈತರು ಬೆಣ್ಣೆಯನ್ನು ಕಾರ್ಕ್ ನಗರಕ್ಕೆ ಸಾಗಿಸಲೆಂದು 1748ರಲ್ಲಿ ಹಾಕಿದ ಬೆಣ್ಣೆ ರಸ್ತೆ ಈ ಭಾಗದಲ್ಲಿಯೇ ಹಾದುಹೋಗುತ್ತದೆ. 1770ರ ಹೊತ್ತಿಗೆ ಕಾರ್ಕಿನಲ್ಲಿ ನೆಲೆಗೊಂಡ ಬೆಣ್ಣೆ ಮಾರುಕಟ್ಟೆ ಮುಂದೆ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾಯಿತು. ಅಲ್ಲಿಂದ ಉಪ್ಪು ಬೆರೆಸಿದ ಬೆಣ್ಣೆ ಮರದ ಪೀಪಾಯಿಗಳಲ್ಲಿ ಕಡಲಾಚೆಗೆ ಹೋಗುತ್ತಿತ್ತು. ವಿಸ್ಕಿಗೆ ಬೆಣ್ಣೆ ಹಾಕುವುದು ನಮಗೆ ಹೊಸದೆನಿಸಬಹುದು, ಆದರೆ ಆ ಊರಿನವರಿಗೆ ಕೈಗೆ ಮೊದಲು ಸಿಗುವ ಪದಾರ್ಥವೇ ಅದಾಗಿತ್ತು.

ಕಾರ್ಕ್ ಕನ್ನಡಿಗ

ತಮ್ಮಿಬ್ಬರಿಗೂ ಕೃತಜ್ಞತೆಗಳು. ಕಿಲ್ಲಾರ್ನಿ-ಮ್ಯಾಲೋ ರಸ್ತೆಯಲ್ಲಿ ನಾನು ದಿನವೂ ಕೆಲಸಕ್ಕೆ ಓಡಾಡುತ್ತೇನೆ. ಈ ವಿಷಯ ಓದಿದ ಮೇಲೆ ಆ ಅಜ್ಜಿಯವರನ್ನು ಕೇಳಿದೆ. ಅವರ ತಾಯಿ ಹಾಲಿನಲ್ಲಿಯೇ ಮಾಡುತ್ತಿದ್ದರಂತೆ. ತಂದೆ ಮಾತ್ರ ಸಂತೆಯಿಂದ ನೆನೆದು ಬಂದ ದಿನ ಬಿಸಿನೀರು, ಬೆಣ್ಣೆ, ಮೆಣಸಿನದನ್ನು ಬೇಡುತ್ತಿದ್ದರಂತೆ. ಒಂದೇ ಮನೆಯಲ್ಲಿ ಎರಡೂ ಬಗೆಗಳಿದ್ದವು ಎಂದಾಯಿತು, ಎರಡಕ್ಕೂ ಹೆಸರು ಒಂದೇ.

ಇಲ್ಲಿನ ಪಬ್ಬುಗಳಲ್ಲಿ ಬಿಸಿ ವಿಸ್ಕಿ ಎಂದು ಕೇಳಿದರೆ ಕೊಡುವುದು ಮೂರನೆಯದೇ ಒಂದು ಪಾನೀಯ. ವಿಸ್ಕಿ, ಸಕ್ಕರೆ, ಬಿಸಿನೀರು ಮತ್ತು ಲವಂಗ ಚುಚ್ಚಿದ ನಿಂಬೆಯ ಬಿಲ್ಲೆ ಅದರಲ್ಲಿರುತ್ತವೆ. ಇದನ್ನು ಹೇಳುವುದಕ್ಕೆ ಕಾರಣ, ಒಬ್ಬ ಸ್ನೇಹಿತರು ಆ ನಿಂಬೆಯನ್ನು ಸ್ಕಾಲ್ಟೀನಿಗೂ ಹಾಕಲು ಸೂಚಿಸಿದ್ದರು.

ಡೇರಿ ಪ್ರಯೋಗಾಲಯ

ನಿಂಬೆಯನ್ನು ಹಾಲಿನ ಹತ್ತಿರಕ್ಕೂ ತರಬೇಡಿರಿ. ಹಾಲಿನ ಕೇಸಿನ್ ಎಂಬ ಪ್ರೋಟೀನು ಕೋಣೆಯ ಉಷ್ಣತೆಯಲ್ಲಿ, ಹುಳಿ ಹೆಚ್ಚಿದಂತೆ ಇಳಿಯುವ ಪಿಎಚ್ ಎಂಬ ಅಳತೆ 4.6ಕ್ಕೆ ಇಳಿದಾಗ ಪೂರ್ತಿ ಬೇರ್ಪಡುತ್ತದೆ. ಹಾಲು ಬಿಸಿಯಿದ್ದರೆ ಅಷ್ಟು ಹುಳಿಯೂ ಬೇಕಾಗುವುದಿಲ್ಲ. ಹಾಲನ್ನು ಬೇಕೆಂದೇ ನಿಂಬೆಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ಕುಡಿಯುವ ಮಿಲ್ಕ್ ಪಂಚ್ ಎಂಬ ಬೇರೆ ಪಾನೀಯವೊಂದು ಹದಿನೆಂಟನೆಯ ಶತಮಾನದಿಂದಲೂ ಇದೆ. ಅದು ಚೆನ್ನಾಗಿಯೇ ಇರುತ್ತದೆಂದು ಬಲ್ಲವರು ಹೇಳುತ್ತಾರೆ, ಆದರೆ ತಮಗೆ ಬೇಕಾದದ್ದು ಅದಲ್ಲ.

ಇನ್ನು ಬೆಣ್ಣೆಯ ವಿಷಯ. ಹಾಲಿನೊಳಗಿನ ಕೊಬ್ಬಿನ ಕಣಗಳಿಗೆ ಸುತ್ತಲೂ ತೆಳುವಾದ ಪೊರೆ ಇರುವುದರಿಂದ ಅವು ನೀರಿನಲ್ಲಿ ಹರಡಿಕೊಂಡಿರುತ್ತವೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವಾಗ ಆ ಪೊರೆ ಹರಿದುಹೋಗುತ್ತದೆ. ಹಾಗಾಗಿ ಬೆಣ್ಣೆಯನ್ನು ಮತ್ತೆ ಬಿಸಿ ಹಾಲಿಗೆ ಹಾಕಿದರೆ ಅದು ತಾನಾಗಿ ಬೆರೆಯದು, ಬಲವಾಗಿ ಕಡೆದು ಬೆರೆಸಬೇಕು. ಕಡೆಯುವಾಗ ಕೊಬ್ಬು ಸಣ್ಣ ಹನಿಗಳಾಗಿ ಒಡೆದು, ಹಾಲಿನ ಕೇಸಿನ್ ಆ ಹನಿಗಳನ್ನು ಆವರಿಸಿಕೊಂಡು ಹಿಡಿದಿಡುತ್ತದೆ. ತಾವು ಬೆಣ್ಣೆಯನ್ನು ಚಮಚದಿಂದ ಕಲಕಿದ್ದೀರಿ ಎಂದು ತೋರುತ್ತದೆ. ಬೆಣ್ಣೆ ತಣ್ಣಗಿರಲಿ, ಹಾಲನ್ನು ಇಳಿಸಿ ಒಂದು ನಿಮಿಷವಾಗಿರಲಿ, ಕಡೆಯುವುದನ್ನು ನಡುವೆ ನಿಲ್ಲಿಸಬೇಡಿರಿ.

ಬಸವನಗುಡಿ

ನಾನು ಬೆಂಗಳೂರಿನಲ್ಲಿಯೇ ಇದನ್ನು ಮಾಡಿ ನೋಡಬೇಕೆಂದಿದ್ದೇನೆ. ಇಲ್ಲಿಯ ಪ್ಯಾಕೆಟ್ ಹಾಲಿನಲ್ಲಿ ಯಾವುದು ಹೊಂದುತ್ತದೆ, ಯಾವ ವಿಸ್ಕಿ ತೆಗೆದುಕೊಳ್ಳಬೇಕು? ಐರಿಷ್ ಕ್ರೀಮ್ ಎಂದು ಮಾರುವ ಬಾಟಲಿಯನ್ನೇ ಬಿಸಿ ಹಾಲಿಗೆ ಬೆರೆಸಿದರೆ ಸಾಕಾಗದೇ?

ಲಿಮೆರಿಕ್ ಓದುಗ

ಬಸವನಗುಡಿಯವರೇ, ಐರ್ಲೆಂಡಿನ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡ 3.5ರಷ್ಟಿರುತ್ತದೆ. ನಮ್ಮ ಭಾರತದಲ್ಲಿ ಟೋನ್ಡ್ ಹಾಲಿನಲ್ಲಿ ಶೇಕಡ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಫುಲ್ ಕ್ರೀಮ್ ಹಾಲಿನಲ್ಲಿ 6 ಇರಬೇಕೆಂಬುದು ನಿಯಮ. ಬೆಣ್ಣೆಯನ್ನು ಹೇಗೂ ಹಾಕುವುದರಿಂದ ಟೋನ್ಡ್ ಹಾಲು ಸಾಕು. ಫುಲ್ ಕ್ರೀಮ್ ಹಾಲಿನಲ್ಲಿ ಮಾಡಿದರೆ ಅರ್ಧ ಲೋಟಕ್ಕೇ ಹೊಟ್ಟೆ ಭಾರವಾಗುತ್ತದೆ.

ವಿಸ್ಕಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಐರಿಷ್ ವಿಸ್ಕಿಯನ್ನು ಧಾನ್ಯದಿಂದಲೇ ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡಬೇಕೆಂಬುದು ಕಾನೂನು. ಅದರಲ್ಲಿಯೂ ಪಾಟ್ ಸ್ಟಿಲ್ ಎಂಬ ಬಗೆಯು ಮೊಳಕೆ ಬರಿಸಿದ ಬಾರ್ಲಿ ಮತ್ತು ಮೊಳಕೆ ಬರಿಸದ ಬಾರ್ಲಿ ಎರಡನ್ನೂ ಬೆರೆಸಿ ಮಾಡುವಂಥದ್ದು. ಮೊಳಕೆ ಬಾರ್ಲಿಯ ಮೇಲೆ ಹಾಕಿದ್ದ ತೆರಿಗೆಯಿಂದ ಪಾರಾಗಲು ಹಸಿ ಬಾರ್ಲಿ ಬೆರೆಸುವ ರೂಢಿ ಬಲಗೊಂಡಿತೆಂದು ಹೇಳುತ್ತಾರೆ, ಆದರೆ ಅದರಿಂದ ಬಂದ ಮೆದುವಾದ, ಎಣ್ಣೆಯಂತಹ ಒಡಲು ಮತ್ತು ನಸು ಮಸಾಲೆಯ ರುಚಿ ಹಾಲಿಗೆ ಹೇಳಿಮಾಡಿಸಿದಂತಿದೆ. ಹೊಗೆಯ ವಾಸನೆಯಿರುವ ಸ್ಕಾಚ್ ಬಗೆಗಳನ್ನು ಹಾಲಿಗೆ ಹಾಕಬೇಡಿರಿ. ತಳ ಹತ್ತಿದ ಹಾಲಿನಂತೆ ಭಾಸವಾಗುತ್ತದೆ. ಭಾರತದಲ್ಲಿ ವಿಸ್ಕಿಯೆಂದು ಮಾರುವ ಅಗ್ಗದ ಬಗೆಗಳು ಅನೇಕವು ಕಾಕಂಬಿಯ ಮದ್ಯಸಾರದ ಮೇಲೆ ನಿಂತಿವೆ, ಅವುಗಳ ಘಾಟು ಹಾಲಿನಲ್ಲಿ ಎದ್ದು ಕಾಣುತ್ತದೆ. ತಮ್ಮ ಊರಿನ ಅಮೃತ್ ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟ್. 2004ರಲ್ಲಿ ಗ್ಲಾಸ್ಗೋದಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂದಿತು. ಅದರ ಹೊಗೆಯಿಲ್ಲದ ಬಗೆ ಇದಕ್ಕೆ ಹೊಂದುತ್ತದೆ, ಆದರೆ ಪಾನೀಯ ಐರಿಷ್ ಆಗಿಯೇ ಇರಬೇಕೆಂದಿದ್ದರೆ ಐರಿಷ್ ವಿಸ್ಕಿಯೇ ಬೇಕು.

ಐರಿಷ್ ಕ್ರೀಮ್ ಎಂಬುದು ವಿಸ್ಕಿಗೆ ಕೆನೆ ಬೆರೆಸಿ ಮಾಡಿದ, 1974ರಲ್ಲಿ ಮಾರುಕಟ್ಟೆಗೆ ಬಂದ ಹೊಸ ಕಾಲದ ಪಾನೀಯ. ಅದರಲ್ಲಿ ಸಕ್ಕರೆ ಬಹಳವಿದೆ, ಬಿಸಿ ಹಾಲಿಗೆ ಬೆರೆಸಿದರೆ ಸಿಹಿಯೊಂದೇ ಉಳಿಯುತ್ತದೆ.

ಗಾಲ್ವೇ ದಾದಿ

ನಾನು ಮಂಗಳೂರಿನ ಕಡೆಯವಳು, ಐರ್ಲೆಂಡಿನ ಗಾಲ್ವೇಯ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದೇನೆ. ನೆಗಡಿಗೆ ರಾಮಬಾಣ ಎಂಬ ಮಾತನ್ನು ಓದಿ ಎರಡು ಮಾತು ಸೇರಿಸಬೇಕೆನಿಸಿತು.

ಮದ್ಯ ಕುಡಿದಾಗ ಚರ್ಮದ ಸಮೀಪದ ರಕ್ತನಾಳಗಳು ಹಿಗ್ಗುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆದರೆ ದೇಹದೊಳಗಿನ ಶಾಖ ಆ ದಾರಿಯಿಂದಲೇ ಹೊರಹೋಗುತ್ತದೆ. ಆದ್ದರಿಂದ ಇದನ್ನು ಚಳಿಗೆ ಹೊರಡುವ ಮುನ್ನ ಕುಡಿಯಬಾರದು. ಮನೆ ಸೇರಿ, ಒಣಬಟ್ಟೆ ತೊಟ್ಟು, ಮತ್ತೆ ಹೊರಗೆ ಕಾಲಿಡುವ ಕೆಲಸವಿಲ್ಲವೆಂದಾದ ಮೇಲೆ ಕುಡಿಯಬೇಕು. ನೆಗಡಿಯ ಮಾತ್ರೆ ಅಥವಾ ಕೆಮ್ಮಿನ ಸಿರಪ್ಪು ತೆಗೆದುಕೊಂಡವರು, ಅದರಲ್ಲಿಯೂ ನಿದ್ದೆ ಬರಿಸುವ ಔಷಧ ತೆಗೆದುಕೊಂಡವರು, ಇದನ್ನು ಮುಟ್ಟಲೇಬಾರದು. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಸಲ್ಲದು. ಅವರಿಗೆ ಅದೇ ಹಾಲು, ಒಣಶುಂಠಿ, ಜೇನುತುಪ್ಪ ಸಾಕು, ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಬೇಡ.

ಬಿಸಿ ಮಾಡಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಬಿಸಿ ದ್ರವಕ್ಕೆ ಸೇರಿಸಿ ಕೂಡಲೇ ಇಳಿಸಿದರೆ ಸುಮಾರು ಶೇಕಡ 85ರಷ್ಟು ಉಳಿದೇ ಇರುತ್ತದೆ. ಐರ್ಲೆಂಡಿನ ಪಬ್ಬಿನ ಒಂದು ಅಳತೆ 35.5 ಮಿಲಿಲೀಟರ್, ಅದರಲ್ಲಿ ಹನ್ನೊಂದು ಗ್ರಾಮಿನಷ್ಟು ಶುದ್ಧ ಆಲ್ಕೋಹಾಲ್ ಇರುತ್ತದೆ. ಹಾಲಿನಲ್ಲಿ ಘಾಟು ತಿಳಿಯದಿರುವುದರಿಂದ ಎರಡನೆಯ ಲೋಟ ಸುಲಭವಾಗಿ ಇಳಿಯುತ್ತದೆ. ಇಲ್ಲಿ ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 50 ಮಿಲಿಗ್ರಾಂ ಮೀರಬಾರದು, ಹೊಸದಾಗಿ ಕಲಿಯುವವರಿಗೂ ವೃತ್ತಿಪರ ಚಾಲಕರಿಗೂ 20 ಮಾತ್ರ. ರಾತ್ರಿ ತಡವಾಗಿ ಕುಡಿದವರು ಬೆಳಗಿನ ಹೊತ್ತೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾರ್ಕ್ ಕನ್ನಡಿಗ

ಗಾಲ್ವೇಯವರ ಮಾತು ನನಗೆ ನೇರವಾಗಿ ಅನ್ವಯಿಸುತ್ತದೆ. ನಾನು ಆರೂವರೆಗೆ ಕಾರು ಹತ್ತುವವನು. ಆದ್ದರಿಂದ ಶನಿವಾರ ರಾತ್ರಿ ಮಾತ್ರ ಮಾಡುವುದೆಂದು ನಿಶ್ಚಯಿಸಿ, ನಿನ್ನೆ ನಾಲ್ಕನೆಯ ಸಲ ಪ್ರಯತ್ನಿಸಿದೆ. ಈ ಸಲ ಚೆನ್ನಾಗಿ ಬಂದಿತು. ಅಳತೆಯನ್ನು ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ಇಬ್ಬರಿಗೆಂದು 400 ಮಿಲಿಲೀಟರ್ ತಾಜಾ ಹಾಲು ತೆಗೆದುಕೊಂಡೆ. ಎರಡು ಲವಂಗ, ಕಾಲು ಚಮಚ ಚಕ್ಕೆಪುಡಿ ಮತ್ತು ಅದರ ಅರ್ಧದಷ್ಟು ಒಣಶುಂಠಿಪುಡಿಯನ್ನು ಮೊದಲು ಎರಡು ಚಮಚ ತಣ್ಣನೆಯ ಹಾಲಿನಲ್ಲಿ ಕಲಸಿಕೊಂಡು, ಆಮೇಲೆ ಉಳಿದ ಹಾಲಿಗೆ ಬೆರೆಸಿದೆ. ನೇರವಾಗಿ ಉದುರಿಸಿದರೆ ಚಕ್ಕೆಪುಡಿ ಗಂಟು ಕಟ್ಟಿ ಮೇಲೆ ತೇಲುತ್ತದೆ. ಸಣ್ಣ ಉರಿಯಲ್ಲಿ ಎಂಟು ನಿಮಿಷ ಹಿಡಿಯಿತು. ಅಂಚಿನಲ್ಲಿ ಗುಳ್ಳೆ ಕಟ್ಟಿದಾಗ ಇಳಿಸಿ, ಒಲೆಯನ್ನು ಆರಿಸಿದೆ. ಉರಿಯುವ ಗ್ಯಾಸ್ ಒಲೆಯ ಮೇಲೆ ವಿಸ್ಕಿ ಸುರಿಯಬಾರದು, ಅದರ ಆವಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಒಂದು ನಿಮಿಷ ಬಿಟ್ಟು ಲವಂಗವನ್ನು ತೆಗೆದೆ. ಒಂದು ದೊಡ್ಡ ಚಮಚ ಜೇನುತುಪ್ಪ, ಆಮೇಲೆ ಹತ್ತು ಗ್ರಾಮಿನಷ್ಟು ತಣ್ಣನೆಯ ಬೆಣ್ಣೆಯನ್ನು ನಾಲ್ಕು ತುಂಡು ಮಾಡಿ ಒಂದೊಂದಾಗಿ ಹಾಕುತ್ತಾ ಕಡೆದೆ. ಬೆಣ್ಣೆ ಕಾಣದಂತಾದ ಮೇಲೆ ಎರಡು ಅಳತೆ, ಅಂದರೆ 71 ಮಿಲಿಲೀಟರ್ ವಿಸ್ಕಿಯನ್ನು ತೆಳುವಾಗಿ ಸುರಿದೆ. ವಿಸ್ಕಿಯ ಬಾಟಲಿಯನ್ನು ಮೊದಲೇ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿದ್ದರಿಂದ ಹಾಲು ತಣ್ಣಗಾಗಲಿಲ್ಲ.

ಕಡೆಗೋಲಿನಿಂದ ನೊರೆ ಸಾಲದೆ ಬಂದಾಗ ಹೆಂಡತಿ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಫಿಲ್ಟರ್ ಕಾಫಿಗೆ ಮಾಡುವಂತೆ ಎರಡು ಲೋಟಗಳ ನಡುವೆ ನಾಲ್ಕೈದು ಸಲ ಎತ್ತಿ ಸುರಿದಳು. ಅಜ್ಜಿಯವರ ಲೋಟದಲ್ಲಿದ್ದಷ್ಟೇ ನೊರೆ ಬಂದಿತು. ಇವತ್ತು ಬೆಳಿಗ್ಗೆ ಅವರಿಗೆ ಈ ವಿಷಯ ಹೇಳಿದಾಗ, ಮುಂದಿನ ಸಲ ಹಾಗೆ ಸುರಿಯುವುದನ್ನು ತಮಗೂ ತೋರಿಸಬೇಕೆಂದು ಕೇಳಿದ್ದಾರೆ.

ಡೇರಿ ಪ್ರಯೋಗಾಲಯ

ಬಹಳ ಸಂತೋಷವಾಯಿತು. ಲೋಟದ ತಳದಲ್ಲಿ ಹರಳೇನಾದರೂ ಉಳಿದಿತ್ತೇ?

ಕಾರ್ಕ್ ಕನ್ನಡಿಗ

ಸ್ವಲ್ಪ ಚಕ್ಕೆಪುಡಿ ಬಿಟ್ಟರೆ ಏನೂ ಇರಲಿಲ್ಲ. ಗಾಜು ನುಣುಪಾಗಿತ್ತು.